ಶಾಲು ಅವನ ಹೆಗಲ ಮೇಲೆ, ಭಾರ ಯಾರ ಮೇಲೆ?

ಬೀರೂರಿನಿಂದ ಅಜ್ಜಂಪುರದ ಕಡೆ ಬೈಕಿನಲ್ಲಿ ಹೋಗುವಾಗ ಮುಂದಿನ ಗಾಡಿಗಳ ಬೆನ್ನು ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಸ್ಟ್ರಿಂಜರ್ ಕೆಲಸದ ಅರ್ಧ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ, ಓದಲು ಏನಾದರೂ ಬೇಕಲ್ಲ. ಈರುಳ್ಳಿ ತುಂಬಿದ ಲಾರಿಯ ಹಿಂದೆ ಅಪ್ಪು ನಗುತ್ತಿರುತ್ತಾರೆ. ಟಾಟಾ ಏಸ್ ಹಿಂದೆ ಸಂಗೊಳ್ಳಿ ರಾಯಣ್ಣ. ಒಂದು ಆಟೊ ಹಿಂದೆ ಅಂಬೇಡ್ಕರ್ ಸಹಿ, ಇನ್ನೊಂದರ ಹಿಂದೆ 786. ಬುಲೆಟ್ ಬೈಕಿನ ನಂಬರ್ ಪ್ಲೇಟಿನ ಮೇಲೆ ಜಾತಿಯ ಹೆಸರು, ಪಕ್ಕದಲ್ಲೊಂದು ಸಿಂಹ. ಕಾರಿನ ಹಿಂಗಾಜಿನ ತುಂಬ ಕೇಸರಿ-ಕಪ್ಪು ಬಣ್ಣದ, ಹುಬ್ಬು ಗಂಟಿಕ್ಕಿದ ಆಂಜನೇಯ.

ತರೀಕೆರೆ ಕಡೆಯ ನಮ್ಮ ಪರಿಚಯದ ಅಕ್ಕ ಒಬ್ಬರು ಒಮ್ಮೆ ಹೇಳಿದರು: "ಕೆಲವು ಗಾಡಿ ನೋಡಿದ್ರೆ ಹತ್ತೋಕೇ ಮನಸ್ಸು ಬರಲ್ಲ ಕಣೋ. ಅವ್ರು ಅಂಟಿಸ್ಕೊಂಡಿರೋದು ನಮಗೇ ಹೇಳ್ತಿರೋ ಥರ ಇರುತ್ತೆ." ಪಕ್ಕದಲ್ಲಿದ್ದ ಹುಡುಗ ತಕ್ಷಣ ಬಾಯಿ ಹಾಕಿದ: "ಅವ್ರ ಗಾಡಿ, ಅವ್ರ ಸ್ಟಿಕ್ಕರು. ನಿಮ್ಮ ಮೈಮೇಲೆ ಅಂಟಿಸಿದ್ರಾ ಅಕ್ಕ?"

ಇಬ್ಬರ ಮಾತೂ ತಲೆಯಲ್ಲಿ ಉಳಿದುಬಿಟ್ಟಿತು. ಒಬ್ಬ ತನ್ನ ಮೈಮೇಲೆ ಹಾಕಿಕೊಂಡಿದ್ದು ನೋಡುವವನ ಮೇಲೆ ಹೇರಿದಂತಾಗುತ್ತದೆಯೇ?

ಹೇರಿಕೆ ಅನ್ನುವ ಪದ ನಮಗೆ ಹಿಂದಿ ಹೇರಿಕೆಯಿಂದ ಚೆನ್ನಾಗಿ ಪರಿಚಯ. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲ ಅಂದರೆ ಅದು ಹೇರಿಕೆ, ಯಾಕೆಂದರೆ ಅದನ್ನು ತುಂಬದೆ ನಮ್ಮದೇ ದುಡ್ಡು ನಮ್ಮ ಕೈಗೆ ಬರುವುದಿಲ್ಲ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವನು ಫೋನಿನಲ್ಲಿ ಹಿಂದಿ ಮಾತಾಡಿದರೆ ಅದು ಹೇರಿಕೆಯಲ್ಲ. ಕಿವಿಗೆ ಬಿತ್ತು, ಅಷ್ಟೆ. ಕಣ್ಣಿಗೆ ಬೀಳುವುದಕ್ಕೂ ಕುತ್ತಿಗೆಗೆ ಬೀಳುವುದಕ್ಕೂ ನಡುವೆ ಇರುವ ವ್ಯತ್ಯಾಸ ಇದು. ಚಿಹ್ನೆಗಳ ಜಗಳ ಬಂದಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ.

ಆ ಆಂಜನೇಯನ ಕಥೆಯನ್ನೇ ನೋಡಿ. ಅದನ್ನು ಬಿಡಿಸಿದ್ದು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ, 2015ರಲ್ಲಿ. ಊರಿನ ಗೆಳೆಯರು ತಮ್ಮ ಬಾವುಟಕ್ಕೆ ಏನಾದರೂ ಬೇರೆ ಥರದ್ದು ಬೇಕು ಅಂದಿದ್ದಕ್ಕೆ ಮಾಡಿಕೊಟ್ಟಿದ್ದು. ಅಲ್ಲಿಂದ ಅದು ಬೆಂಗಳೂರಿನ ಕಾರುಗಳಿಗೆ, ಅಲ್ಲಿಂದ ನಮ್ಮ ಕಡೆಯ ಅಡಿಕೆ ವ್ಯಾಪಾರಿಗಳ ಗಾಡಿಗಳಿಗೆ ಬಂತು. ಅದು ಸಿಟ್ಟಲ್ಲ, ಗತ್ತು ಅನ್ನುವುದು ಆಚಾರ್ಯರ ವಿವರಣೆ. 2018ರಲ್ಲಿ ಕೆಲವು ಮಹಿಳೆಯರು, ಆ ಸ್ಟಿಕ್ಕರ್ ಇರುವ ಕ್ಯಾಬ್ ಬಂದರೆ ಬುಕಿಂಗ್ ರದ್ದು ಮಾಡುತ್ತೇವೆ ಎಂದು ಜಾಲತಾಣದಲ್ಲಿ ಬರೆದರು. ದೊಡ್ಡ ಗದ್ದಲವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪ್ರಧಾನಿ ಮಂಗಳೂರಿನ ಚುನಾವಣಾ ಭಾಷಣದಲ್ಲಿ ಕಲಾವಿದನನ್ನು ಹೊಗಳಿದರು.

ನನ್ನ ಮಟ್ಟಿಗೆ ಅಲ್ಲಿ ಇಬ್ಬರ ಕಡೆಯಿಂದಲೂ ಹೇರಿಕೆ ನಡೆದಿರಲಿಲ್ಲ. ಅವನು ಅಂಟಿಸಿಕೊಂಡ, ಅವಳು ಹತ್ತಲಿಲ್ಲ, ಇನ್ನೊಂದು ಕ್ಯಾಬ್ ಬಂತು. ಆದರೆ ಇದು ಬೆಂಗಳೂರಿನ ಮಾತು. ಸಂಜೆ ಏಳರ ಮೇಲೆ ಶಿವನಿಯಿಂದ ಒಳಗಿನ ಹಳ್ಳಿಗೆ ಹೋಗಬೇಕಾದವಳಿಗೆ ಇನ್ನೊಂದು ಕ್ಯಾಬ್ ಎಲ್ಲಿಂದ ಬರಬೇಕು? ಒಂದೇ ಆಟೊ ಇರುತ್ತದೆ. ಅದರ ಮೇಲೆ ಏನೇ ಬರೆದಿದ್ದರೂ ಹತ್ತಬೇಕು.

ಹಾಗಂತ 'ನನಗೆ ನೋವಾಯಿತು, ಆದ್ದರಿಂದ ಅದು ಹೇರಿಕೆ' ಅನ್ನುವ ವಾದವನ್ನು ನಾನು ಒಪ್ಪುವವನಲ್ಲ. ಅದಕ್ಕೆ ಕಾರಣ ನಮ್ಮಜ್ಜನ ಎಕ್ಕಡ.

ಅಜ್ಜ ಕಡೂರು ತಾಲ್ಲೂಕಿನ ಬಯಲು ಕಡೆಯ ಊರಿನವರು. ಅವರ ಹರೆಯದಲ್ಲಿ ನಮ್ಮ ಕೇರಿಯವರು ದೊಡ್ಡವರ ಮನೆಗಳ ಮುಂದೆ ಹಾಯುವಾಗ ಕಾಲಲ್ಲಿರುವುದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ಒಮ್ಮೆ ಶಿವಮೊಗ್ಗದಲ್ಲಿ ಕೂಲಿ ಮಾಡಿಕೊಂಡು ಬಂದಿದ್ದ ಅಜ್ಜ ಹೊಸ ಎಕ್ಕಡ ಮೆಟ್ಟಿಕೊಂಡೇ ಆ ಬೀದಿ ದಾಟಿದರು. ಜಗುಲಿಯ ಮೇಲೆ ಕೂತವರು ಎದ್ದು ನಿಂತರು. ಸಂಜೆ ಪಂಚಾಯ್ತಿ. ಅಲ್ಲಿ ಬಂದ ದೂರು, ಅಜ್ಜ ಹೇಳುತ್ತಿದ್ದ ಹಾಗೆ, ಇಷ್ಟು: "ನಮ್ಮ ಕಣ್ಣೆದುರಿಗೇ ಮೆಟ್ಕೊಂಡು ಹೋಗಿ ನಮಗೆ ಅವಮಾನ ಮಾಡಿದಾನೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಅವಮಾನವಾಗಿತ್ತು, ಹೊಟ್ಟೆ ಉರಿದಿತ್ತು. ಆದರೆ ಎಕ್ಕಡ ಇದ್ದದ್ದು ಅಜ್ಜನ ಕಾಲಲ್ಲಿ. ಅದನ್ನು ಬಿಚ್ಚಿಸಬೇಕೆನ್ನುವ ನಿಯಮವಿತ್ತಲ್ಲ, ಹೇರಿಕೆ ಅದು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುವಸ್ತ್ರ ಹೊದ್ದರೆ ಮೇಲ್ಜಾತಿಯವರಿಗೆ ಅದು ಸಹಿಸಲಾಗದ ನೋಟವಾಗಿತ್ತು. ದಶಕಗಳ ಗಲಭೆಯ ನಂತರ 1859ರಲ್ಲಿ ರಾಜ ಅನುಮತಿ ಕೊಡಬೇಕಾಯಿತು. ನಮ್ಮ ನಾಡಿನಲ್ಲೇ 12ನೇ ಶತಮಾನದ ಕಲ್ಯಾಣದಲ್ಲಿ, ಗುಡಿಯೊಳಗೆ ಕಾಲಿಡಲಾಗದವರ ಕೊರಳಿಗೆ ಶರಣರು ಲಿಂಗ ಕಟ್ಟಿದರು. ಅಂದಿನ ಸಂಪ್ರದಾಯಸ್ಥರಿಗೆ ಅದು ಎಷ್ಟು ಚುಚ್ಚಿರಬೇಕು ಯೋಚಿಸಿ. ಇವತ್ತು ಕಡೂರು, ತರೀಕೆರೆ ಸಂತೆಯಲ್ಲಿ ಎಷ್ಟು ಜನರ ಅಂಗಿಯೊಳಗೆ ಕರಡಿಗೆ ಇದೆಯೋ, ಯಾರೂ ತಿರುಗಿ ನೋಡುವುದಿಲ್ಲ.

ನೋಡುವವನ ಹೊಟ್ಟೆಯುರಿಯನ್ನು ಅಳತೆಗೋಲು ಮಾಡಿಕೊಂಡರೆ ಮೊದಲು ಬಿಚ್ಚಬೇಕಾಗುವುದು ಬಡವನ ಚಪ್ಪಲಿ.

ಹಾಗಾದರೆ ಯಾವುದನ್ನು ನೋಡಿ ಅಳೆಯುವುದು? 2022ರ ಗಲಾಟೆಯ ದಿನಗಳಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಎಲ್ಲರೂ ಉಡುಪಿ, ಕುಂದಾಪುರ ಅನ್ನುತ್ತಾರೆ, ನಮ್ಮ ಜಿಲ್ಲೆಯ ಕೊಪ್ಪವನ್ನು ಮರೆಯುತ್ತಾರೆ. ಆ ವರ್ಷದ ಜನವರಿ ಮೊದಲ ವಾರದಲ್ಲೇ ಕೊಪ್ಪ ತಾಲ್ಲೂಕಿನ ಬಾಳಗಡಿ ಸರ್ಕಾರಿ ಕಾಲೇಜಿನಲ್ಲಿ ಹುಡುಗರು ಕೇಸರಿ ಶಾಲು ಹೊದ್ದು ತರಗತಿಗೆ ಬಂದಿದ್ದರು. ಸಹಪಾಠಿಗಳ ಹಿಜಾಬ್‌ಗೆ ಅದು ಎದುರೇಟು. ಫೆಬ್ರುವರಿ 5ರಂದು ಸರ್ಕಾರದ ಸಮವಸ್ತ್ರ ಆದೇಶ ಬಂತು. 7ರಂದು ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಜೈ ಭೀಮ್ ಅನ್ನುತ್ತಾ ಹಿಜಾಬ್ ಧರಿಸಿದವರ ಪರ ನಿಂತರು. 8ರಂದು ಮಂಡ್ಯದ ಕಾಲೇಜಿನಲ್ಲಿ ಒಬ್ಬಳೇ ಹುಡುಗಿಯ ಕಡೆಗೆ ಶಾಲು ಹೊದ್ದವರ ಗುಂಪು ಕೂಗುತ್ತಾ ಬಂದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಅದೇ ದಿನ ಶಿವಮೊಗ್ಗದಲ್ಲಿ ಕಾಲೇಜಿನ ಧ್ವಜಸ್ತಂಭ ಹತ್ತಿ ಕೇಸರಿ ಬಾವುಟ ಕಟ್ಟಿದರು. ಮರುದಿನದಿಂದ ಮೂರು ದಿನ ಶಾಲೆ-ಕಾಲೇಜುಗಳಿಗೆ ರಜೆ.

ಕೇಸರಿ ಶಾಲು ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಮಾಲೆ ಹಾಕುವವರು, ಮಠಕ್ಕೆ ನಡೆದುಕೊಳ್ಳುವವರು, ಪಾದಯಾತ್ರೆ ಹೋಗುವವರು ಅದನ್ನು ಹೊದೆಯುತ್ತಾರೆ. ಆ ಶಾಲು ದೇವರ ಕಡೆ ಮುಖ ಮಾಡಿರುತ್ತದೆ. ಆ ವಾರದ ಶಾಲು ಮುಖ ಮಾಡಿದ್ದು ಪಕ್ಕದ ಬೆಂಚಿನ ಹುಡುಗಿಯ ಕಡೆ. ಅವಳು ತಲೆವಸ್ತ್ರ ತೆಗೆದಿದ್ದರೆ ಆ ಶಾಲಿಗೂ ಅಂದೇ ಕೆಲಸ ಮುಗಿಯುತ್ತಿತ್ತು. ಬಟ್ಟೆ ಒಂದೇ, ಬಣ್ಣ ಒಂದೇ. ಯಾರನ್ನು ನೋಡಿ ಹೊದ್ದದ್ದು ಅನ್ನುವುದು ಬೇರೆ.

ಹಿಜಾಬ್ ವಿಷಯದಲ್ಲಿ ಒಂದು ಮಾತನ್ನು ಪದೇ ಪದೇ ಕೇಳಿದ್ದೇನೆ: "ಅದನ್ನ ಅವಳ ಮನೆಯವರೇ ಹೇರಿರ್ತಾರೆ ಸಾರ್." ಕೆಲವು ಮನೆಗಳಲ್ಲಿ ಇರಬಹುದು. ಆದರೆ ಆ ಹೇರಿಕೆ ನಿಜವಾಗಿದ್ದರೆ ಅದು ಬಿದ್ದಿರುವುದು ಅವಳ ಮೇಲೆ, ಪಕ್ಕದ ಬೆಂಚಿನವನ ಮೇಲಲ್ಲ. ಅವಳಿಗೆ ಸಹಾಯ ಮಾಡಬೇಕಾದವರು ಗೇಟು ಹಾಕುವುದಿಲ್ಲ, ಒಳಗೆ ಕರೆಯುತ್ತಾರೆ.

ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದರು. ಸಮವಸ್ತ್ರ ಅಂದರೆ ಸಮಾನತೆ ಎಂದು ಹೇಮಂತ್ ಗುಪ್ತ. ಇದು ಅವಳ ಆಯ್ಕೆ, ಅವಳ ಓದಿಗಿಂತ ದೊಡ್ಡದು ಯಾವುದಿದೆ ಎಂಬ ಅರ್ಥದಲ್ಲಿ ಸುಧಾಂಶು ಧುಲಿಯಾ. ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲೇ ಒಂದಕ್ಕೆ ಒಂದು ಬಿದ್ದಾಗ ನಮ್ಮ ಟೀ ಅಂಗಡಿಗಳಲ್ಲಿ ಒಮ್ಮತ ಬರಲಿಲ್ಲ ಅಂತ ಯಾಕೆ ಬೇಜಾರು.

ಬಿಚ್ಚಿಸುವುದೂ ಹೇರಿಕೆಯೇ ಅನ್ನುವುದು ಬೇರೆಯವರಿಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಶಿವಮೊಗ್ಗದಲ್ಲಿ, ಬೀದರಿನಲ್ಲಿ ಜನಿವಾರ ತೆಗೆಯಿರಿ ಅಂದರು. ಬೀದರಿನ ಹುಡುಗ ಒಪ್ಪಲಿಲ್ಲ, ಅವನ ಗಣಿತ ಪರೀಕ್ಷೆ ತಪ್ಪಿಹೋಯಿತು. ರಾಜ್ಯವೆಲ್ಲ ಸಿಟ್ಟಾಯಿತು, ಆಗಬೇಕಾದ್ದೇ. ಆ ದಾರದಿಂದ ಯಾರಿಗೆ ಏನಾಗುತ್ತಿತ್ತು? ಆದರೆ ಕಾಲೇಜಿನ ಗೇಟಿನಲ್ಲಿ ನಿಂತ ಹುಡುಗಿಯರನ್ನು ನೋಡಿ ನಕ್ಕಿದ್ದವರೂ ಈ ಸಲ ಸಿಟ್ಟಾದವರ ಸಾಲಿನಲ್ಲಿದ್ದರು. ಇವರ ಪರ ಕೂಗಿದ್ದ ಕೆಲವರು ಜನಿವಾರದ ವಿಷಯಕ್ಕೆ ಬಾಯಿ ಬಿಡಲಿಲ್ಲ. ಎರಡು ಗುಂಪಿನವರನ್ನೂ ನಾನು ಬಲ್ಲೆ, ಇಬ್ಬರೂ ನನ್ನ ವಾಟ್ಸ್ಆ್ಯಪ್‌ನಲ್ಲಿದ್ದಾರೆ.

ಇನ್ನು ಹಾಕಿಕೊಂಡವನ ಕೈಯಲ್ಲಿ ಏನಿದೆ ಅನ್ನುವ ಪ್ರಶ್ನೆ. 2021ರ ಅಕ್ಟೋಬರ್‌ನಲ್ಲಿ ಆಯುಧಪೂಜೆಯ ಹೊತ್ತಿಗೆ ಕಾಪು ಠಾಣೆಯ, ವಿಜಯಪುರ ಗ್ರಾಮೀಣ ಠಾಣೆಯ ಪೊಲೀಸರು ಖಾಕಿ ಬಿಟ್ಟು ಕೇಸರಿ ತೊಟ್ಟು ಫೋಟೊ ತೆಗೆಸಿಕೊಂಡರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಪ್ರಶ್ನಿಸಿದರು. ಹಬ್ಬ ಕಣ್ರೀ, ಒಂದು ದಿನ ಹಾಕ್ಕೊಂಡ್ರೆ ಏನು ಅಂದವರೇ ಹೆಚ್ಚು. ಅದೇ ಪೊಲೀಸಪ್ಪ ಅದೇ ಬಟ್ಟೆಯಲ್ಲಿ ತನ್ನ ಮನೆಯ ಪೂಜೆಗೆ ಕೂತಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಠಾಣೆಯ ಮೇಜಿನಾಚೆ ಹಾಗೆ ಕೂತರೆ ಮಾತೇ ಬೇರೆ. ದೂರು ಹಿಡಿದು ಬಂದವನಿಗೆ ಇನ್ನೊಂದು ಠಾಣೆ ಇಲ್ಲ. ಎಫ್ಐಆರ್ ಬರೆಯುವ ಪೆನ್ನು ಆ ಕೈಯಲ್ಲಿದೆ. ಯಾವ ಬಣ್ಣವಾದರೂ ಅಷ್ಟೆ, ಹಸಿರಾಗಲಿ ನೀಲಿಯಾಗಲಿ. ಮೇಷ್ಟ್ರು, ತಹಸೀಲ್ದಾರರು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಅಳೆಯುವವರು ಎಲ್ಲರಿಗೂ ಇದು ಸಲ್ಲುತ್ತದೆ.

ಹೊರದೇಶದಲ್ಲೂ ಇದೇ ಗೋಜಲು. 1968ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಯುವಕ ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಕೊಳಕು ಬೈಗುಳ ಬರೆದ ಜಾಕೆಟ್ ತೊಟ್ಟು ಓಡಾಡಿದ. ಅವನಿಗೆ 30 ದಿನದ ಶಿಕ್ಷೆಯಾಗಿತ್ತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಷ್ಟವಿಲ್ಲದವರು ಕಣ್ಣು ಬೇರೆ ಕಡೆ ತಿರುಗಿಸಬಹುದಿತ್ತಲ್ಲ ಅನ್ನುವುದು ಅದರ ಒಂದು ಕಾರಣ. ಪಡಸಾಲೆಯಲ್ಲಿ ಹಾದುಹೋಗುವವರಿಗೆ ಅದು ಸರಿಯಾದ ಮಾತೇ.

1977ರಲ್ಲಿ ಷಿಕಾಗೊ ಪಕ್ಕದ ಸ್ಕೋಕಿ ಎಂಬ ಊರಿಗೆ ನಾಜಿಗಳ ಗುಂಪೊಂದು ಹಿಟ್ಲರನ ಚಿಹ್ನೆ ತೊಟ್ಟು ಮೆರವಣಿಗೆ ಬರುತ್ತೇವೆ ಅಂದಿತು. ನಮ್ಮ ಬಾಗಿಲ ಮೇಲಿನ ಅರಿಸಿನ-ಕುಂಕುಮದ ಸ್ವಸ್ತಿಕ ಅಲ್ಲ ಅದು, ಅದೇ ಆಕಾರವನ್ನು ಆ ಮನುಷ್ಯ ಹಾಳು ಮಾಡಿದ್ದು. ಸ್ಕೋಕಿಯನ್ನೇ ಯಾಕೆ ಆರಿಸಿದರು? ಹಿಟ್ಲರನ ಕ್ಯಾಂಪುಗಳಿಂದ ಬದುಕಿ ಬಂದ ಯಹೂದಿಗಳು ಅಲ್ಲಿ ತುಂಬ ಜನ ಇದ್ದರು, ಅದಕ್ಕೇ. 1978ರಲ್ಲಿ ಕೋರ್ಟು ಅವರಿಗೆ ಆ ಚಿಹ್ನೆ ತೊಡುವ ಹಕ್ಕಿದೆ ಎಂದಿತು. ಕೊನೆಗೆ ಅವರು ಮೆರವಣಿಗೆ ಮಾಡಿದ್ದು ಷಿಕಾಗೊದಲ್ಲಿ, ಸ್ಕೋಕಿಗೆ ಬರಲೇ ಇಲ್ಲ. ಜರ್ಮನಿಯಲ್ಲಾದರೆ ಅದನ್ನು ಸಾರ್ವಜನಿಕವಾಗಿ ತೊಡುವುದೇ ಅಪರಾಧ. ಎರಡು ದೇಶ, ಎರಡು ಉತ್ತರ. ಸ್ಕೋಕಿಯ ಮುದುಕಿಗೆ ಕಣ್ಣು ತಿರುಗಿಸು ಅಂದರೆ ಎಲ್ಲಿಗೆ ತಿರುಗಿಸಬೇಕಿತ್ತು, ಅವಳ ಮನೆಯೇ ಅಲ್ಲಿದೆಯಲ್ಲ ಅನ್ನುವುದಕ್ಕೆ ಎರಡರಲ್ಲೂ ನನಗೆ ಪೂರ್ತಿ ಉತ್ತರ ಕಾಣುವುದಿಲ್ಲ.

ದೂರದ ಊರಿನ ಮಾತು ಇಷ್ಟು ಹೇಳಲು ಕಾರಣ ನಮ್ಮ ದೊಡ್ಡಪ್ಪನ ಮಗ.

ಅಣ್ಣ ತಮಟೆ ಬಾರಿಸುತ್ತಾನೆ. ಅಜ್ಜಂಪುರ ಕಡೆಯ ಒಂದು ಊರಿನ ಜಾತ್ರೆಗೆ ಅವನ ಸೆಟ್ಟೇ ಪ್ರತಿ ವರ್ಷ. ಒಂದು ವರ್ಷ ಉತ್ಸವದಲ್ಲಿ ಊರಿನ ಹುಡುಗರು ನಲವತ್ತು ಜನ ಒಂದೇ ಥರದ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದರು. ಎದೆ ಮೇಲೆ ಜಾತಿಯ ಹೆಸರು, ಕೆಳಗೆ ಅಡ್ಡಡ್ಡ ಎರಡು ಕತ್ತಿ, ನಾವು ಆಳಲು ಹುಟ್ಟಿದವರು ಅನ್ನುವ ಅರ್ಥದ ಒಂದು ಸಾಲು. ಒಬ್ಬನೂ ಕೆಟ್ಟ ಮಾತಾಡಲಿಲ್ಲ. ಕುಣಿದರು, ಮಂಡಕ್ಕಿ ಕೊಟ್ಟರು. ತಮಟೆಯವರು ಉತ್ಸವದ ಮುಂದೆ ಬಾರಿಸುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ಮುಖ ದೇವರ ಕಡೆ ಇರಬೇಕು. ದೇವರಿಗೂ ಅವರಿಗೂ ನಡುವೆ ಆ ನಲವತ್ತು ಎದೆಗಳು. ಮೂರು ಗಂಟೆ ಹೊತ್ತು.

"ಏನಂತ ಕಂಪ್ಲೇಂಟ್ ಬರೀಲಿ ಹೇಳು" ಅಂದ ಅಣ್ಣ. "ಬೈದ್ರು ಅನ್ನೋಕೆ ಬೈದಿಲ್ಲ. ಹೊಡೆದ್ರು ಅನ್ನೋಕೆ ಹೊಡೆದಿಲ್ಲ. ಬಟ್ಟೆ ಹಾಕ್ಕೊಂಡಿದ್ರು."

ದೌರ್ಜನ್ಯ ತಡೆ ಕಾಯ್ದೆ 1989ರಿಂದ ಇದೆ. ಜನರ ಕಣ್ಣಿಗೆ ಬೀಳುವ ಜಾಗದಲ್ಲಿ, ತಲೆ ತಗ್ಗಿಸಬೇಕೆಂಬ ಉದ್ದೇಶದಿಂದ ಅವಮಾನಿಸಿದರೆ ಅಪರಾಧ ಅನ್ನುತ್ತದೆ. ಉದ್ದೇಶವನ್ನು ತೋರಿಸುವುದು ಹೇಗೆ? ಟೀ ಶರ್ಟಿನಲ್ಲಿ ಅಣ್ಣನ ಹೆಸರಿಲ್ಲ, ನಮ್ಮ ಜಾತಿಯ ಹೆಸರಿಲ್ಲ, ಅವರದೇ ಇದೆ. ನಾನು ಸುದ್ದಿ ಮಾಡೋಣವೆಂದು ಡೆಸ್ಕಿಗೆ ಫೋನ್ ಮಾಡಿದೆ.

"ಗಲಾಟೆ ಆಯ್ತೇನ್ರೀ?"

"ಇಲ್ಲ ಸಾರ್."

"ಆದ್ರೆ ಕಳ್ಸಿ."

ಆ ಟೀ ಶರ್ಟನ್ನು ಕಾನೂನು ಬಿಚ್ಚಿಸಬೇಕಿತ್ತೇ? ಬೇಡ ಅನ್ನುತ್ತೇನೆ. ಬಟ್ಟೆ ಬಿಚ್ಚಿಸುವ ಅಧಿಕಾರ ಒಮ್ಮೆ ಕೊಟ್ಟರೆ ಅದು ಮೊದಲು ಯಾರ ಹೆಗಲಿಗೆ ಕೈ ಹಾಕುತ್ತದೆ ಅನ್ನುವುದು ನಮ್ಮ ಕೇರಿಗೆ ಗೊತ್ತು. ಆದರೆ ಅದು ಬರೀ ಬಟ್ಟೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ಹಾಕಿಕೊಂಡು ತಿರುಗಿದ್ದರೆ ಬರೀ ಬಟ್ಟೆ. ಅಣ್ಣ ಮುಖ ತಿರುಗಿಸಿ ಹೋಗುತ್ತಿದ್ದ. ಇಲ್ಲಿ ಮುಖ ತಿರುಗಿಸಿದರೆ ದೇವರಿಗೆ ಬೆನ್ನು, ಬಿಟ್ಟು ಹೊರಟರೆ ಕೂಲಿ ಇಲ್ಲ, ಮುಂದಿನ ವರ್ಷ ಕರೆಯುವುದೂ ಇಲ್ಲ. ಆ ಮೂರು ಗಂಟೆ ಅದನ್ನು ಓದಲೇಬೇಕಿತ್ತು, ಓದುತ್ತಾ ಅದಕ್ಕೇ ತಾಳ ಹಾಕಬೇಕಿತ್ತು.

ಮುಂದಿನ ಜಾತ್ರೆಗೆ ಮಾತಾಡಲು ಬಂದಾಗ ಅಣ್ಣ ಒಂದೇ ಷರತ್ತು ಹಾಕಿದ: ಬಾರಿಸ್ತೀವಿ, ಆದ್ರೆ ಆ ಟೀ ಶರ್ಟು ನಮ್ಮ ಮುಂದೆ ಬೇಡ, ಬೇಕಾದ್ರೆ ಹಿಂದೆ ಬರ್ಲಿ. ಊರಿನ ಹಿರಿಯರೊಬ್ಬರು ಸರಿ ಅಂದರು. "ದೇವ್ರ ಮುಂದೆ ನಿಮ್ಮ ಕತ್ತಿ ಯಾಕ್ರೋ" ಅಂತ ಹುಡುಗರನ್ನು ಗದರಿದರಂತೆ. ಹುಡುಗರು ಕೇಳಲಿಲ್ಲ. ನಮ್ಮ ಬಟ್ಟೆ ನಮ್ಮಿಷ್ಟ.

ಇತ್ತ ನಮ್ಮ ಕೇರಿಯ ಹುಡುಗರು, ಹಾಗಾದ್ರೆ ನಾವೂ ನೀಲಿ ಶಾಲು ಹೊದ್ದು ಬಾರಿಸೋಣ ಅಂದರು. ನನ್ನನ್ನು ಕೇಳಿದರು. ನೀವು ದಿನಾ ಹೊದ್ದರೆ ನನ್ನದೇನೂ ಇಲ್ಲ, ಅವತ್ತು ಅವರನ್ನ ನೋಡಿ ಹೊದ್ದರೆ ಅದೂ ಅದೇ ಥರದ್ದು ಅಂದೆ. ಅವರ ಕೈಯಲ್ಲಿ ಕೂಲಿ ಇದೆ, ನಮ್ಮ ಕೈಯಲ್ಲಿ ಏನೂ ಇಲ್ಲ, ಎರಡೂ ಒಂದೇ ಹೇಗೆ ಅಂತ ಒಬ್ಬ ತಿರುಗಿಸಿ ಕೇಳಿದ. ಅವನ ಮಾತಿನಲ್ಲಿ ಅರ್ಧ ನಿಜ ಇತ್ತು. ಅವನು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಶಾಲೂ ಬರಲಿಲ್ಲ, ತಮಟೆಯೂ ಹೋಗಲಿಲ್ಲ. ಊರಿನವರು ಕಡೂರಿನಿಂದ ಡಿಜೆ ತರಿಸಿದರು. ತಮಟೆ ಇಲ್ಲದೆ ಆ ದೇವರು ಹೊರಟಿದ್ದು ನನಗೆ ಗೊತ್ತಿರುವಂತೆ ಅದೇ ಮೊದಲು. ಟೀ ಶರ್ಟಿನ ಹುಡುಗರು ಕುಣಿಯುವ ವಿಡಿಯೊ ಸ್ಟೇಟಸ್‌ಗಳಲ್ಲಿ ಓಡಾಡಿತು.

ಅಣ್ಣ ಅವತ್ತು ಬೀರೂರಿನಲ್ಲಿ ತೆಂಗಿನಕಾಯಿ ಲೋಡು ಇಳಿಸುತ್ತಿದ್ದ. ಸಂಜೆ ಫೋನ್ ಮಾಡಿದೆ.

"ಡಿಜೆ ಸದ್ದು ಇಲ್ಲಿವರೆಗೂ ಕೇಳಲ್ಲ ಬಿಡೋ" ಅಂದ.